ನೀರಿಲ್ಲದ ಬಾವಿಗೆ ಸುರಿದದ್ದು

ಇದನ್ನು ಊಟಕ್ಕೆ ಮುಂಚೆ ಹೇಳಬಾರದು. ಊಟ ಆಯಿತು ತಾನೇ? ಹಾಗಾದರೆ ಕುರ್ಚಿ ಸ್ವಲ್ಪ ಹತ್ತಿರ ಎಳೆದುಕೊಳ್ಳಿ. ಜೋರಾಗಿ ಹೇಳುವಂಥದ್ದಲ್ಲ.

ಶುಕ್ರವಾರ ರಾತ್ರಿ ಒಂಬತ್ತೂವರೆ. ನನ್ನ ದೊಡ್ಡಪ್ಪನ ಮಗಳು, ನಾನು ಅಕ್ಕ ಅಂತಲೇ ಕರೆಯುವವಳು, ಒಬ್ಬಳೇ ಗಲ್ಲಿಯಲ್ಲಿ ಮನೆ ಕಡೆ ನಡೆಯುತ್ತಿದ್ದಳು. ಕೈಯಲ್ಲಿ ಬಕೆಟ್. ಮೇಲೆ ತಗಡಿನ ಮುಚ್ಚಳ. ಎಡಕ್ಕೆ ಪೇಂಟ್ ಗೋದಾಮಿನ ಗೋಡೆ, ಬಲಕ್ಕೆ ತುಕ್ಕು ಹಿಡಿದ ಬೇಲಿ. ಬೇಲಿ ಮುಗಿಯುವಲ್ಲಿ ಬಾವಿ. ಕಟ್ಟೆ ಇದೆ, ಗಡಗಡೆ ಇದೆ. ಹಗ್ಗ ಇಲ್ಲ. ನೀರಂತೂ ನಮ್ಮಪ್ಪನ ಕಾಲಕ್ಕೇ ಬತ್ತಿಹೋಗಿತ್ತು.

ಬಕೆಟ್ಟಿನಲ್ಲಿ ಏನಿತ್ತು ಅಂತೀರಾ? ಉಗುಳು. ನಲವತ್ತು ಜನರ ಉಗುಳು, ಕಫ, ಒಂದಿಷ್ಟು ವಾಂತಿ. ತಳದಲ್ಲಿ ಬೂದಿ. ಮುಖ ಸಿಂಡರಿಸಬೇಡಿ, ಇದಕ್ಕಿಂತ ಹೇಸಿಗೆಯದು ಮುಂದಿದೆ.

ಆ ಗೋದಾಮಿನ ಮಹಡಿಯಲ್ಲಿ ಪ್ರತಿ ಶುಕ್ರವಾರ ಪ್ರಾರ್ಥನೆ ಕೂಟ ನಡೆಯುತ್ತಿತ್ತು. ನಡೆಸುತ್ತಿದ್ದವನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಹಾಗೆ ಕರೆದರೆ ಅವನಿಗೆ ಖುಷಿ. ಮೊದಲು ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಿದ್ದವನು. ಆಮೇಲೆ ಆತ್ಮಿಕ ಯುದ್ಧ ಅಂತ ಶುರುಮಾಡಿದ. ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲುಸಾಲಾಗಿ ಇಡಿಸಿ, ಇದು ಮುಂಚೂಣಿ, ಇದು ಕಾವಲು ಪಡೆ ಅನ್ನುತ್ತಿದ್ದ. ಅವನ ಕಣ್ಣಿಗೆ ಎಲ್ಲದರಲ್ಲೂ ದೆವ್ವ. ನಿದ್ದೆ ಬಾರದವನಿಗೆ ಚಿಂತೆಯ ದೆವ್ವ. ಸಂಬಳ ಜಾಸ್ತಿ ಕೇಳಿದವನಿಗೆ ಗೊಣಗಾಟದ ದೆವ್ವ. ಗಂಡ ಹೊಡೆದ ಅಂತ ಅಳುತ್ತ ಬಂದವಳಿಗೆ ಎದುರುತ್ತರದ ದೆವ್ವ. ಅವಳಿಗೆ! ಹೊಡೆದವನಿಗಲ್ಲ. ಥೂ.

ನಾನೂ ನಂಬುವವನೇ. ದಿನಾ ಮಂಡಿಯೂರುತ್ತೇನೆ. ಕೆಟ್ಟದ್ದು ಅನ್ನುವುದು ಲೋಕದಲ್ಲಿ ಇದೆ, ಅದು ಬಾಗಿಲ ಬಳಿ ಹೊಂಚು ಹಾಕುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಎಲ್ಲಿ ನಿಂತಿತ್ತು ಅಂತ ಕೊನೆಗೆ ನೀವೇ ಹೇಳಿ.

ಕೂಟದ ಪದ್ಧತಿ ಹೀಗಿತ್ತು. ಬೆನ್ನಿಗೆ ಗುದ್ದಿ, "ಕೆಮ್ಮು! ಕಕ್ಕು! ಆಚೆ ಹಾಕು!" ಅಂತ ಕ್ಯಾಪ್ಟನ್ ಕಿರುಚುತ್ತಿದ್ದ. ಬಂದವರು ಬಕೆಟ್ಟಿಗೆ ಉಗುಳಬೇಕು. ಉಗುಳಿದರೆ ದೆವ್ವ ಹೋಯಿತು. ಆದರೆ ಉಗುಳುವುದಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ಕಾಯಿಲೆಯವರು ತಮ್ಮ ಮಾತ್ರೆಗಳ ಪಟ್ಟಿಯನ್ನು ಎಲ್ಲರ ಮುಂದೆ ಎತ್ತಿ ತೋರಿಸಿ, ತುಂಬಿದ್ದನ್ನು ತುಂಬಿದ ಹಾಗೇ ಅದೇ ಬಕೆಟ್ಟಿಗೆ ಹಾಕಬೇಕು. ಇದಕ್ಕೆ ಆಯುಧ ಕೆಳಗಿಡುವುದು ಅಂತ ಹೆಸರು. ಮಾತ್ರೆ ನುಂಗುವವನು ದೇವರಿಗೆ ನೀನೊಬ್ಬ ಸಾಕಾಗುವುದಿಲ್ಲ ಅಂತ ಹೇಳಿದ ಹಾಗಂತೆ.

ಬಕೆಟ್ ಹೊರುವವಳು ಅಕ್ಕ. ಆರು ವರ್ಷ ಹೊತ್ತಳು. ಬಕೆಟ್ ಅಕ್ಕ ಅಂತಲೇ ಹೆಸರಾಗಿಹೋಗಿತ್ತು. ಹೊರುವವಳಿಗೆ ಮೂರು ಕಟ್ಟಳೆ. ಮುಚ್ಚಳ ತೆಗೆದು ನೋಡಬಾರದು. ದಾರಿಯಲ್ಲಿ ಮಾತಾಡಬಾರದು. ಸುರಿದ ಮೇಲೆ ತಿರುಗಿ ನೋಡಬಾರದು. ಸುರಿಯುವುದು ಆ ಒಣ ಬಾವಿಗೇ. ಯಾಕೆಂದರೆ ಅಶುದ್ಧಾತ್ಮಗಳು ನೀರಿಲ್ಲದ ಕಡೆ ಅಲೆಯುತ್ತವೆ ಅಂತ ಬೈಬಲಿನ ವಾಕ್ಯದಲ್ಲಿದೆ, ಅಲ್ಲಿಗೇ ಸುರಿದರೆ ಅಲ್ಲೇ ಬಿದ್ದಿರುತ್ತವೆ ಅಂತ ಕ್ಯಾಪ್ಟನ್ನನ ಲೆಕ್ಕಾಚಾರ. ಮುಂದಿನ ಸಾಲನ್ನು ಅವನು ಓದಲೇ ಇಲ್ಲ. ಅಲ್ಲಿ ನೆಮ್ಮದಿ ಸಿಗದೆ ಅವು ತಿರುಗಿ ಬರುತ್ತವೆ ಅಂತಲೂ ಅಲ್ಲೇ ಇದೆ.

ಇರಲಿ. ಆ ರಾತ್ರಿಗೆ ಬರುತ್ತೇನೆ.

ಅಕ್ಕ ಕಟ್ಟೆಗೆ ಹೊಟ್ಟೆ ಆನಿಸಿ ಬಕೆಟ್ ಬಗ್ಗಿಸಿದಳು. ಎಂದಿನಂತೆ ಮೂರು ಎಣಿಸುವಷ್ಟರಲ್ಲಿ ಕೆಳಗಿಂದ... ಥಪ್. ಬಕೆಟ್ಟನ್ನು ಕಟ್ಟೆಯ ಮೇಲೆ ಬೋರಲು ಹಾಕಿ ತಿರುಗಿದಳು. ನಾಲ್ಕು ಹೆಜ್ಜೆ ಹೋಗಿರಬೇಕು.

ದಬ ದಬ ದಬ ದಬ...

ಮೆತ್ತಗಿನ, ಅವಸರದ ಸದ್ದು. ನೆಲದ ಅಡಿಯಿಂದ. ಅಕ್ಕ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಹೋಟೆಲ್ಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು. ಯಾರೋ ಒದ್ದೆ ಬಟ್ಟೆ ಬಡಿಯುತ್ತಿದ್ದಾರೆ ಅಂದುಕೊಂಡಳು. ಈ ಹೊತ್ತಿನಲ್ಲಿ? ನೀರಿಲ್ಲದ ಬಾವಿಯಲ್ಲಿ? ಕಟ್ಟಳೆ ನೆನಪಾಯಿತು. ತಿರುಗದೆ ಮನೆಗೆ ಹೋದಳು.

ಮುಂದಿನ ಶುಕ್ರವಾರ ಮತ್ತೆ ಥಪ್. ಮತ್ತೆ ದಬ ದಬ ದಬ. ಅದರ ನಡುವೆ ಇನ್ನೊಂದು ಸಣ್ಣ ಸದ್ದು.

ಚಿಟ್.

ಒಂದು ಕ್ಷಣ ಏನೂ ಇಲ್ಲ. ಆಮೇಲೆ... ಗುಟುಕ್. ಗಂಟಲಲ್ಲಿ ಏನೋ ಇಳಿದ ಹಾಗೆ. ಮತ್ತೆ ಚಿಟ್. ಗುಟುಕ್. ದಬದಬ ನಿಧಾನವಾಯಿತು. ನಿಂತಿತು.

ನೀರಿಲ್ಲದ ಬಾವಿ. ಗುಟುಕರಿಸುವುದಕ್ಕೆ ಅಲ್ಲಿ ಏನಿತ್ತು ಅಂತ ಒಂದು ಸಲ ಯೋಚನೆ ಮಾಡಿ. ಬೇಡ... ಮಾಡಬೇಡಿ.

ಮೂರನೇ ಶುಕ್ರವಾರ ಆ ಚಿಟ್ ಹತ್ತು ಸಲ ಕೇಳಿತು. ಅಕ್ಕ ಓಡಲು ಕಾಲೆತ್ತಿದಳು. ಬೆನ್ನ ಹಿಂದೆ, ಆಳದಿಂದ, ಯಾರೋ ಪಕ್ಕದ ಮನೆಯಿಂದ ಸಕ್ಕರೆ ಕೇಳಿದಷ್ಟು ಮೆಲ್ಲಗೆ...

"ಇನ್ನೊಂದಿದೆಯಾ ಕಂದಾ?"

ಆ ದನಿ ಅಕ್ಕನಿಗೆ ಗೊತ್ತು. ನನಗೂ ಗೊತ್ತು. ನಮ್ಮ ಬೀದಿಯಲ್ಲಿ ಎಲ್ಲರನ್ನೂ ಕಂದಾ ಅನ್ನುತ್ತಿದ್ದವಳು ಒಬ್ಬಳೇ, ಟೈಲರಮ್ಮ. ಮೂಲೆಯ ಅಂಗಡಿಯಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ಬಲಗೈ ಬೆರಳಿಗೆ ಯಾವಾಗಲೂ ಹಿತ್ತಾಳೆಯ ಅಂಗುಸ್ತಾನ. ಸೂಜಿ ಚುಚ್ಚದ ಹಾಗೆ ಹಾಕಿಕೊಳ್ಳುವ ಆ ಬೆರಳ ಟೋಪಿಯ ಮೈತುಂಬ ಸಣ್ಣ ಸಣ್ಣ ಗುಳಿಗಳು. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆ ತಗೊಂಡು ಮೂವತ್ತು ವರ್ಷ ಚೆನ್ನಾಗಿಯೇ ಇದ್ದಳು. ಕ್ಯಾಪ್ಟನ್ ಬಂದ. ನಿನ್ನೊಳಗೆ ಬೀಳಿಸುವ ದೆವ್ವ ಇದೆ ಅಂದ. ಟೈಲರಮ್ಮ ಪಟ್ಟಿಗಳನ್ನೆಲ್ಲ ಬಕೆಟ್ಟಿಗೆ ಹಾಕಿದಳು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಹೊತ್ತುಕೊಂಡು ಹೋಗಿ ಸುರಿದಳು.

ಹನ್ನೊಂದನೇ ದಿನ ಹೊಲಿಗೆ ಯಂತ್ರದ ಪಕ್ಕದಲ್ಲಿ ಬಿದ್ದಳು. ಬಾಗಿಲು ಹಾಕಿತ್ತು. ಒಳಗೆ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಪಕ್ಕದ ಅಂಗಡಿಯವನಿಗೆ ಕೇಳಿತಂತೆ. ಏನೋ ರಿಪೇರಿ ಮಾಡಿಸುತ್ತಿದ್ದಾಳೆ ಅಂದುಕೊಂಡನಂತೆ.

ಅವಳ ಶವದ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೊಬ್ಬ. ಬೆರಳು ಊದಿ ಅಂಗುಸ್ತಾನ ಬಿಡಿಸಲು ಆಗಲಿಲ್ಲ, ಹಾಗೇ ಮಣ್ಣು ಮಾಡಿದೆವು. ಈ ಬಾವಿಯಲ್ಲಲ್ಲ, ಇದು ನೆನಪಿರಲಿ. ಊರಾಚೆ, ಸಮಾಧಿ ಜಾಗದಲ್ಲಿ. ಕ್ಯಾಪ್ಟನ್ ಅಲ್ಲಿಗೂ ಬಂದ. ಅವಳು ಯುದ್ಧ ಗೆದ್ದು ಹೋದಳು ಅಂದ. ನಾನು ಉಗಿದೆ. ಅವನ ಬೂಟಿನ ಹತ್ತಿರವೇ ಉಗಿದೆ. ನನ್ನೊಳಗೂ ಯಾವುದೋ ಇದೆ ಅಂದ.

ಇದಾದ ವರ್ಷಕ್ಕೆ ಅಕ್ಕನಿಗೆ ಆ ದನಿ ಕೇಳಿದ್ದು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅವಳನ್ನೇ ಮುಂದಿನ ಸಾಲಿನಲ್ಲಿ ಕೂರಿಸಿ ಬೆನ್ನಿಗೆ ಗುದ್ದುತ್ತಾರೆ. ಗೊತ್ತಲ್ಲ.

ಈಗ ಗಿಣಿಯ ವಿಷಯ. ಗಿಣಿ ಅಕ್ಕನ ಒಡಹುಟ್ಟಿದ ತಂಗಿ. ಇಪ್ಪತ್ತನಾಲ್ಕು ವಯಸ್ಸು, ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ವಟವಟ ಅಂತ ಬಾಯಿ ಮುಚ್ಚದವಳು, ಅದಕ್ಕೇ ಆ ಹೆಸರು. ಅವಳಿಗೆ ಕ್ಷಯ ಬಂತು. ಆರು ತಿಂಗಳು ನುಂಗಬೇಕಾದ ಮಾತ್ರೆಯನ್ನು ಆಸ್ಪತ್ರೆಯ ನರ್ಸಮ್ಮ ತಿಂಗಳು ತಿಂಗಳು ಕೊಡುತ್ತಿದ್ದಳು. ಒಂದು ದಿನವೂ ಬಿಡಬೇಡ, ಅರ್ಧಕ್ಕೆ ಬಿಟ್ಟರೆ ಎರಡರಷ್ಟಾಗಿ ತಿರುಗಿ ಬರುತ್ತೆ ಅಂದಳು. ಎರಡು ತಿಂಗಳಿಗೆ ಕೆಮ್ಮು ಕಡಿಮೆಯಾಯಿತು. ಆದರೆ ಆ ಮಾತ್ರೆಗೆ ಉಚ್ಚೆ ಕೆಂಪಗೆ ಹೋಗುತ್ತದೆ. ನರ್ಸಮ್ಮ ಮೊದಲೇ ಹೇಳಿದ್ದಳು, ಅದು ಮಾತ್ರೆಯ ಬಣ್ಣ, ಹೆದರಬೇಡ ಅಂತ. ಗಿಣಿ ಅದನ್ನೂ ಹೋಗಿ ಕ್ಯಾಪ್ಟನ್ನನ ಹತ್ತಿರ ಹೇಳಿಕೊಂಡಳು. ಅವನು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, "ಒಳಗೆ ಕೂತಿರೋದು ರಕ್ತ ಕಾರ್ತಾ ಇದೆ" ಅಂದನಂತೆ. ಪ್ರಾಯದ ಹುಡುಗಿಯ ಉಚ್ಚೆಯ ಬಣ್ಣ ಕೇಳಿ ಕಣ್ಣು ಮುಚ್ಚಿ ಧ್ಯಾನ ಮಾಡುವ ಗಂಡಸು!

ಗುರುವಾರ ರಾತ್ರಿ ಗಿಣಿ ಅಕ್ಕನ ಮಗ್ಗುಲಲ್ಲಿ ಮಲಗಿ ಪಿಸುಗುಟ್ಟಿದಳು. "ಅಕ್ಕಾ, ನಾಳೆ ನಾನೂ ಆಯುಧ ಕೆಳಗಿಡ್ತೀನಿ."

"ಬೇಡ ಕಣೇ. ಇನ್ನೂ ನಾಲ್ಕು ತಿಂಗಳಿದೆ. ನರ್ಸಮ್ಮ ಏನಂದ್ಲು?"

"ನರ್ಸಮ್ಮಂಗೆ ಯುದ್ಧ ಗೊತ್ತಾ? ನಾನೀಗ ಹುಷಾರಾಗಿದೀನಿ."

"ಮಾತ್ರೆಯಿಂದ ಹುಷಾರಾಗಿದೀಯ."

ಗಿಣಿ ಅಕ್ಕನ ಕಡೆ ಮಗ್ಗುಲು ಬದಲಿಸಿದಳು. ಆಮೇಲೆ ಅಂದಳು, "ಆರು ವರ್ಷದಿಂದ ಊರವರದ್ದೆಲ್ಲ ಹೊರ್ತೀಯಲ್ಲಕ್ಕ. ನನ್ನದೊಂದು ಭಾರ ಆಗುತ್ತಾ ನಿಂಗೆ?"

ಅಕ್ಕ ಹೊದಿಕೆ ಎಳೆದುಕೊಂಡಳು. ನಿದ್ದೆ ಎಲ್ಲಿಂದ ಬರಬೇಕು?

ಲಾಂಡ್ರಿಯಲ್ಲಿ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಕಾಯುವವರೆಗೆ ಎರಡು ನಿಮಿಷ ಸಿಗುತ್ತದೆ. ಅಕ್ಕ ಪ್ರಾರ್ಥನೆ ಮಾಡುವುದು ಆಗ. ಕಿರುಚುವುದಿಲ್ಲ, ಕೈ ಎತ್ತುವುದಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಕೇಳಿದ್ದು ಇಷ್ಟೇ. "ಕರ್ತನೇ, ನಂಗೆ ಗೊತ್ತಾಗ್ತಿಲ್ಲ. ತೋರಿಸು."

ಸಂಜೆ ಕೂಟಕ್ಕೆ ಮೊದಲು ಬೂದಿ ತರಲು ಹಿಂದಿನ ಕೋಣೆಗೆ ಹೋದಳು. ಕ್ಯಾಪ್ಟನ್ ಕೂರುವ ಕೋಣೆ. ಬೂದಿಯ ಡಬ್ಬ ಅಲ್ಲಿರುತ್ತದೆ. ಬಾಗಿಲು ಅರ್ಧ ಹಾಕಿತ್ತು. ಕೈ ಚಾಚಿದಳು, ಅಷ್ಟರಲ್ಲಿ ಒಳಗಿಂದ...

ಚಿಟ್.

ಅಕ್ಕ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. ಬಾವಿಯೇ ಮಹಡಿ ಹತ್ತಿ ಬಂತು ಅಂದುಕೊಂಡಳು. ಆಮೇಲೆ ಗುಟುಕ್. ಬಾಗಿಲು ತಳ್ಳಿದಳು.

ಕ್ಯಾಪ್ಟನ್ ಲೋಟ ಕೆಳಗಿಡುತ್ತಿದ್ದ. ಇನ್ನೊಂದು ಕೈಯಲ್ಲಿ ಮಾತ್ರೆಯ ಪಟ್ಟಿ. ಹಿಂದಿನ ಹಾಳೆ ಹರಿದಿತ್ತು.

"ಬಾಗಿಲು ತಟ್ಟೋದು ಗೊತ್ತಿಲ್ವಾ?"

"ಅದೇನು... ಆ ಸದ್ದು?"

"ಯಾವ ಸದ್ದು? ಬಿ.ಪಿ. ಮಾತ್ರೆ ತಗೊಂಡೆ."

"ಮಾತ್ರೆನಾ? ನೀವಾ?"

ಅವನಿಗೆ ನಾಚಿಕೆಯಾಗಲಿಲ್ಲ. ಅದನ್ನೇ ನಾನು ಮರೆಯಲಾರೆ. ಬಿಳಿ ಕರ್ಚೀಫಿನಲ್ಲಿ ತುಟಿ ಒರೆಸಿಕೊಂಡು ಮಗುವಿಗೆ ತಿಳಿಹೇಳುವವನ ಹಾಗೆ ಹೇಳಿದನಂತೆ. "ಸೈನಿಕರಿಗೆ ಒಂದು ಕಾಯಿದೆ, ನಾಯಕನಿಗೆ ಒಂದು ಕಾಯಿದೆ ಕಣಮ್ಮ. ನಾನು ಬಿದ್ರೆ ನಿಮ್ಮನ್ನೆಲ್ಲ ಯಾರು ಕಾಯ್ತಾರೆ? ಬೂದಿ ತಗೊಂಡು ನಡಿ. ಬಾಯಿಗೆ ಬೀಗ."

ಅಕ್ಕ ಬೂದಿ ತಗೊಂಡು ನಡೆದಳು. ಹೌದು, ನಡೆದಳು. ಆರು ವರ್ಷದ ಅಭ್ಯಾಸ ಕಾಲಿಗೆ ಇರುತ್ತದೆ. ಬಕೆಟ್ಟಿಗೆ ಬೂದಿ ಹರಡಿ ಎಂದಿನ ಜಾಗದಲ್ಲಿ ಇಟ್ಟು ಗೋಡೆಗೆ ಒರಗಿ ನಿಂತಳು. ತಲೆಯೊಳಗೆ ಚಿಟ್ ಚಿಟ್ ಚಿಟ್. ಹತ್ತು ಸಲ. ಹತ್ತು ಮಾತ್ರೆಯ ಪಟ್ಟಿ.

ಸ್ಪೀಕರ್ ಗುಂಯ್ ಅಂದಿತು. ಹಾಡಾಯಿತು. ಬೆನ್ನಿಗೆ ಗುದ್ದು ಶುರುವಾಯಿತು. ಖ್ರಾ... ಥೂ. ಖ್ರಾ... ಥೂ. ಒಬ್ಬನಾದ ಮೇಲೆ ಒಬ್ಬ. ಒಬ್ಬಾಕೆ ಸಕ್ಕರೆ ಕಾಯಿಲೆಯ ಮಾತ್ರೆ ಹಾಕಿದಳು, ಚಪ್ಪಾಳೆ. ಅದರ ಮೇಲೆ ಇನ್ನೊಬ್ಬ ಕಕ್ಕಿದ, ಹಲ್ಲೆಲೂಯ. ಗಿಣಿಯ ಸರದಿ ಬಂತು. ನಾಲ್ಕು ಪಟ್ಟಿ ಎತ್ತಿ ತೋರಿಸಿದಳು. ಮುಖದಲ್ಲಿ ನಗು. ಬಕೆಟ್ಟಿಗೆ ಹಾಕಿದಳು.

ಥಪ್.

"ಈಗ ಕೆಮ್ಮು!" ಕ್ಯಾಪ್ಟನ್ ಕೈ ಎತ್ತಿದ.

ಅಕ್ಕ ಗೋಡೆ ಬಿಟ್ಟು ಬಂದಳು. ಬಕೆಟ್ಟಿನ ಮುಂದೆ ಮಂಡಿಯೂರಿದಳು. ಪ್ರಾರ್ಥನೆಗೆ ಅಂದುಕೊಂಡರು ಎಲ್ಲರೂ. ಅವಳು ತೋಳು ಮಡಚಿ, ಮೊಣಕೈವರೆಗೆ ಬಕೆಟ್ಟಿನೊಳಗೆ ಕೈ ಹಾಕಿದಳು.

ಬೆಚ್ಚಗಿತ್ತು ಅಂದಳು ನನಗೆ. ಅದನ್ನು ಮಾತ್ರ ಮರೆಯೋಕೆ ಆಗ್ತಿಲ್ಲ ಕಣೋ, ಬೆಚ್ಚಗಿತ್ತು... ಅಂದಳು.

ತಳದ ಬೂದಿಯಿಂದ ಒಂದೊಂದೇ ಪಟ್ಟಿ ಎತ್ತಿದಳು. ಲೋಳೆ ಜೋತುಬಿತ್ತು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ನೋಡಿ ತಮಾಷೆಯನ್ನು! ವಾರವಾರ ಅದರೊಳಗೆ ಕಕ್ಕುವಾಗ ಇಲ್ಲದ ಹೇಸಿಗೆ, ಅದರಿಂದ ಒಂದು ಜೀವ ಎತ್ತುವಾಗ ಬಂತು. ಅಕ್ಕ ಗಿಣಿಯ ನಾಲ್ಕನ್ನೂ ತನ್ನ ಸೆರಗಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿದಳು. ಸಕ್ಕರೆ ಕಾಯಿಲೆಯವಳದ್ದನ್ನೂ ಎತ್ತಿ ಅವಳ ಮುಂದೆ ಇಟ್ಟಳು.

"ಬಕೆಟ್ ಅಕ್ಕನಿಗೆ ಹಿಡೀತು!" ಯಾರೋ ಕೂಗಿದರು.

"ಅವಳ ಬಾಯಲ್ಲಿ ಈಗ ಯಾರು ಮಾತಾಡ್ತಾರೆ ನೋಡಿ," ಅಂದ ಕ್ಯಾಪ್ಟನ್. "ಹೇಳು! ಯಾರು ನೀನು?"

"ನಾನು ಇವಳ ಅಕ್ಕ," ಅಂದಳು. "ಇವಳಿಗೆ ದೆವ್ವ ಇಲ್ಲ, ಕ್ಷಯ ಇದೆ. ಟೈಲರಮ್ಮಂಗೂ ದೆವ್ವ ಇರಲಿಲ್ಲ. ಆರು ವರ್ಷ ನಾನು ಹೊತ್ತಿದ್ದು ದೆವ್ವ ಅಲ್ಲ. ನಿಮ್ಮ ಜೇಬಲ್ಲಿರೋದನ್ನ ತೆಗೆದು ಇದಕ್ಕೆ ಹಾಕಿ ಕ್ಯಾಪ್ಟನ್. ಹಾಕಿದ್ರೆ ಈಗಲೇ ಹೊರ್ತೀನಿ."

ಕ್ಯಾಪ್ಟನ್ನನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಬರೀ ಅಷ್ಟೇ. ನಲವತ್ತು ಜನ ಆ ಕೈಯನ್ನು ನೋಡಿದರು. ಸ್ಪೀಕರ್ ಮಾತ್ರ ಗುಂಯ್ ಅನ್ನುತ್ತಿತ್ತು.

ಅಕ್ಕ ತಂಗಿಯ ರಟ್ಟೆ ಹಿಡಿದು ಇಳಿದಳು. ಬಕೆಟ್ ಅಲ್ಲೇ ಬಿಟ್ಟಳು.

ಗಲ್ಲಿ. ಗೋಡೆ, ಬೇಲಿ. ಗಿಣಿ ಅಳುತ್ತಿದ್ದಳು, ಸಿಟ್ಟಿಗೋ ಹೆದರಿಕೆಗೋ. "ಎಲ್ಲರ ಮುಂದೆ ಮಾನ ತೆಗೆದೆ. ನಾನು ಆ ಮಾತ್ರೆ ಮುಟ್ಟಲ್ಲ. ಅದರ ಮೇಲೆ ಎಲ್ಲರೂ..."

"ಸೋಪು ಹಾಕಿ ತೊಳೆದುಕೊಡ್ತೀನಿ. ಗೂಡು ಒಡೆದಿಲ್ಲ. ಒಳಗಿನ ಮಾತ್ರೆ ಶುದ್ಧವಾಗಿದೆ."

"ನುಂಗಲ್ಲ ಅಂದ್ರೆ ನುಂಗಲ್ಲ."

ಬಾವಿಯ ಹತ್ತಿರ ಬಂದರು.

ದಬ ದಬ ದಬ ದಬ...

ಗಿಣಿ ನಿಂತುಬಿಟ್ಟಳು. "ಅಕ್ಕಾ... ಯಾರದು?"

"ಸುಮ್ಮನಿರು."

"ಇನ್ನೊಂದಿದೆಯಾ ಕಂದಾ?"

ಗಿಣಿಗೂ ಕೇಳಿತು. ಅದನ್ನು ಗಟ್ಟಿಮಾಡಿಕೊಳ್ಳಿ, ಇಬ್ಬರಿಗೂ ಕೇಳಿತು. ಗಿಣಿಯ ಉಗುರು ಅಕ್ಕನ ತೋಳಿಗೆ ಇಳಿಯಿತು, ಆ ಗುರುತು ನಾನು ಮಾರನೆಯ ದಿನ ನೋಡಿದೆ.

ಅಕ್ಕ ಕಟ್ಟಳೆ ಮುರಿದಳು. ತಿರುಗಿ, ಕಟ್ಟೆಗೆ ಬಗ್ಗಿ ಕತ್ತಲೊಳಕ್ಕೆ ಮಾತಾಡಿದಳು. "ಇದೆ ಟೈಲರಮ್ಮಾ. ಆದ್ರೆ ಇದು ಇವಳದ್ದು. ಕೊಡೋಕಾಗಲ್ಲ."

ದಬದಬ ನಿಂತಿತು.

"ನಿಂದನ್ನ ಸುರಿದವಳು ನಾನೇ. ಕ್ಷಮಿಸಮ್ಮಾ."

ಅದಕ್ಕೆ ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ ಅಂತಾಳೆ ಅಕ್ಕ. ತುಂಬ ಹೊತ್ತಾದ ಮೇಲೆ ಕೆಳಗಿಂದ, ದಣಿದ ದನಿಯಲ್ಲಿ, ಒಂದೇ ಮಾತು.

"ಹೊತ್ತು ತಪ್ಪಿಸಬೇಡ ಅನ್ನು."

ಗಿಣಿ ಆ ರಾತ್ರಿ ಮಾತ್ರೆ ನುಂಗಿದಳು. ಮಾರನೆಯ ದಿನವೂ. ನಾಲ್ಕು ತಿಂಗಳು ಒಂದು ದಿನ ಬಿಡಲಿಲ್ಲ. ಈಗ ಟಿಕೆಟ್ ಕಿಟಕಿಯ ಹಿಂದೆ ಮತ್ತೆ ವಟವಟ ಅನ್ನುತ್ತಾಳೆ, ಹೋಗಿ ಕೇಳಿ ಬೇಕಾದರೆ. ಕೇಳಿದರೆ ಈ ವಿಷಯ ಮಾತ್ರ ಹೇಳುವುದಿಲ್ಲ. ಕ್ಯಾಪ್ಟನ್? ಅವನಿಗೇನು ಧಾಡಿ. ಬೇರೆ ಬೀದಿಯಲ್ಲಿ ಬೇರೆ ಮಹಡಿ ಹಿಡಿದಿದ್ದಾನೆ. ಬಕೆಟ್ಟೂ ಹೊಸದು, ಹೊರುವವಳೂ ಹೊಸಬಳು.

ಗೋದಾಮಿನ ಮಾಲೀಕ ಆಮೇಲೆ ಬಾವಿ ಮುಚ್ಚಿಸಿದ. ಮುಚ್ಚುವ ಮುಂಚೆ ಒಬ್ಬ ಕೂಲಿಯವನನ್ನು ಹಗ್ಗ ಕಟ್ಟಿ ಇಳಿಸಿದರು. ಮಧ್ಯಾಹ್ನ ಎರಡು ಗಂಟೆ, ಬಿಸಿಲು ಸುಡುತ್ತಿತ್ತು. ಹಗ್ಗ ಹಿಡಿದವರಲ್ಲಿ ನಾನೂ ಇದ್ದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಳಿದವನು ಕೆಳಗೆ ಹೋಗಿ ಬಟ್ಟೆ ಬಿಚ್ಚಿದ. ವಾಸನೆ ಇಲ್ಲ ಅಂದ. ಉಗುಳಿಲ್ಲ, ಲೋಳೆ ಇಲ್ಲ, ಬೂದಿ ಕೂಡ ಇಲ್ಲ. ಆರು ವರ್ಷ ವಾರವಾರ ಸುರಿದ ಜಾಗ, ಒರೆಸಿಟ್ಟ ಹಾಗೆ ಒಣಗಿತ್ತು. ಇದ್ದದ್ದು ಮಾತ್ರೆಯ ಪಟ್ಟಿಗಳು ಮಾತ್ರ. ಕತ್ತರಿಸಿದ ಬಟ್ಟೆಯ ತುಂಡುಗಳನ್ನು ಜೋಡಿಸುವ ಹಾಗೆ, ದೊಡ್ಡದರ ಮೇಲೆ ಚಿಕ್ಕದು, ಅಂಚಿಗೆ ಅಂಚು ಸೇರಿಸಿ ಒಟ್ಟಿತ್ತು. ಬುಟ್ಟಿಯಲ್ಲಿ ಮೇಲೆ ಕಳಿಸಿದ. ಎಲ್ಲವನ್ನೂ ತಿರುಗಿಸಿ ನೋಡಿದೆ. ಜನ ಹಾಕಿದ್ದು ತುಂಬಿದ ಪಟ್ಟಿ. ಒಂದರಲ್ಲೂ ಒಂದು ಮಾತ್ರೆ ಇರಲಿಲ್ಲ.

ನಂಬದವರು ನಂಬಬೇಡಿ. ನಾನು ಸುಳ್ಳು ಹೇಳಿ ಯಾರ ಬೆನ್ನಿಗೂ ಗುದ್ದುವವನಲ್ಲ. ನಡೆದದ್ದು ನಡೆದ ಹಾಗೇ ಹೇಳಿದ್ದೇನೆ. ಒಂದು ಪಟ್ಟಿಯನ್ನು ನಾನು ಎತ್ತಿಟ್ಟುಕೊಂಡೆ, ಆ ಡ್ರಾಯರ್‌ನಲ್ಲಿದೆ, ಎಡಗಡೆಯದು. ತೆಗೆದು ದೀಪದ ಹತ್ತಿರ ಹಿಡಿದು ನೋಡಿ. ಹತ್ತು ಗೂಡು, ಹತ್ತೂ ಖಾಲಿ. ಮಾತ್ರೆ ಹೊರಗೆ ಬರಲಿ ಅಂತ ಬೆರಳಿಟ್ಟು ಒತ್ತುತ್ತೇವಲ್ಲ, ಆ ಒತ್ತಿದ ಜಾಗದಲ್ಲಿ, ಹತ್ತಕ್ಕೆ ಹತ್ತರಲ್ಲೂ, ಸಣ್ಣ ಸಣ್ಣ ಗುಳಿಗಳ ಅಚ್ಚು ಮೂಡಿದೆ.